ಸಿರಾಕೊದಲ್ಲಿ ಗಾಡಿ ನಿಲ್ಲುವುದಿಲ್ಲ

ಸಿರಾಕೊ
೧೪ ಜನವರಿ ೨೦೦೭

ಮಾನ್ಯ ಸ್ಟೇಷನ್ ಮಾಸ್ಟರ್ ಫಾಮಕಾನ್ ಜಾರಾ ಅವರಿಗೆ,

ನಾಸಿರಾ ತ್ರಾವೊರೆಯ ವಂದನೆಗಳು. ತಾವು ಕ್ಷೇಮವೇ? ತಮ್ಮ ಪತ್ನಿ ವಾಸಾ ಕ್ಷೇಮವೇ? ಮಗ, ಸೊಸೆ, ಮೊಮ್ಮಕ್ಕಳು ಕ್ಷೇಮವೇ? ಕಾಯೆಸ್ ಊರಿನ ಬಿಸಿಲು ತಮ್ಮನ್ನು ಬದುಕಲು ಬಿಟ್ಟಿದೆಯೇ? ನಾವೆಲ್ಲ ಇಲ್ಲಿ ಕ್ಷೇಮ.

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ನಮಗೆ, ಪ್ಲಾಟ್‌ಫಾರ್ಮಿನಲ್ಲಿ ಮಾವು ಮಾರುವ ಹೆಂಗಸರಿಗೆ, ವೇಟಿಂಗ್ ರೂಮಿನ ನೆಲದಲ್ಲಿ ಕೂರಿಸಿ ಒಂದು ಗಾಡಿ ಹೋಗಿ ಇನ್ನೊಂದು ಬರುವುದರೊಳಗೆ ಅಕ್ಷರ ಕಲಿಸಿದವರು ತಾವೇ. ಸ್ಟೇಷನ್ ಮುಚ್ಚಿದ ದಿನ ಆ ವೇಟಿಂಗ್ ರೂಮಿಗೆ ತಾವು ಹಾಕಿದ ಬೀಗ ಹಾಗೇ ಇದೆ. ಯಾರೂ ಮುಟ್ಟಿಲ್ಲ. ಹೊರಗಿನ ಜಗಲಿಯನ್ನು ನಾವು ಸರದಿಯ ಮೇಲೆ ಗುಡಿಸುತ್ತೇವೆ.

ಗಾಡಿಗಳು ಈಗಲೂ ಹೋಗುತ್ತವೆ, ನಿಲ್ಲುವುದಿಲ್ಲ ಅಷ್ಟೇ. ಹೋದ ವರ್ಷದ ಮಾವು ಬುಟ್ಟಿಯಲ್ಲೇ ಕೊಳೆತುಹೋಯಿತು. ಮೇಕೆಗಳೂ ಮೂಸಿ ನೋಡಿ ಮುಖ ತಿರುಗಿಸಿದವು. ಮಳೆಗಾಲದಲ್ಲಿ ಲಾರಿ ಬರುವುದಿಲ್ಲ, ಔಷಧಿಯೂ ಬರುವುದಿಲ್ಲ. ಇದನ್ನೆಲ್ಲ ತಮಗೆ ಹೇಳಬೇಕಾಗಿಲ್ಲ.

ಬರೆಯುತ್ತಿರುವ ಕಾರಣ ಬೇರೆ. ನನ್ನ ಮಗ ಬುರಾಮಾ ಮತ್ತು ಅವನ ವಾರಿಗೆಯವರು ಒಂದು ಸಂಘ ಕಟ್ಟಿದ್ದಾರೆ. ಅವರಿಗೆ ನಮ್ಮ ಸ್ಟೇಷನ್ನಿನ ಚರಿತ್ರೆ ಬೇಕಂತೆ, ಕಾಗದದ ಮೇಲೆ. ಊರ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರ ಕಥೆಯಲ್ಲೂ ಅವರವರ ಅಜ್ಜನೇ ನಾಯಕ. ಆದ್ದರಿಂದ ತಾವು ಬರೆದುಕೊಡಬೇಕು.

ಮಾವು ಇಳಿಯುವ ಕಾಲಕ್ಕೆ ಒಂದು ಗುರುವಾರ ಗೂಡ್ಸ್ ಗಾಡಿ ಬರುವ ಹೊತ್ತಿಗೆ ಹುಡುಗರು ಸ್ಟೇಷನ್ನಿನ ಎದುರು ಹಳಿಯ ಮೇಲೆ ಕೂರುತ್ತಾರಂತೆ. ಗಾಡಿ ನಿಲ್ಲಬೇಕು, ಚರಿತ್ರೆ ಓದಬೇಕು, ಆಮೇಲೆ ಈಗ ರೈಲು ನಡೆಸುವ ಕಂಪನಿಯವರ ಜೊತೆ ಮಾತು. ಎಲ್ಲರಿಗಿಂತ ಮುಂದೆ ಕೂರುವವನು ಬುರಾಮಾ.

ಒಂದು ಮಾತು ಕೇಳಬೇಕಿತ್ತು. ಹಳಿಯ ಮೇಲೆ ಕೂತವರು ಗಾಡಿ ನಡೆಸುವವನಿಗೆ ಎಷ್ಟು ದೂರದಿಂದ ಕಾಣುತ್ತಾರೆ? ಸುಮ್ಮನೆ ಕೇಳಿದೆ.

ಇತಿ ತಮ್ಮ ವಿಧೇಯ
ನಾಸಿರಾ ತ್ರಾವೊರೆ


ಕಾಯೆಸ್
೨ ಫೆಬ್ರವರಿ ೨೦೦೭

ಶ್ರೀಮತಿ ನಾಸಿರಾ ತ್ರಾವೊರೆ ಅವರಿಗೆ,

ತಮ್ಮ ಪತ್ರ ತಲುಪಿತು. ಎಲ್ಲರೂ ಕ್ಷೇಮ. ನನ್ನ ಮೊಣಕಾಲೊಂದನ್ನು ಬಿಟ್ಟು.

ಪತ್ರದಲ್ಲಿ ಒಂದೇ ಒಂದು ಬೈಗುಳವಿಲ್ಲದಿರುವುದನ್ನು ಗಮನಿಸಿದೆ. ತ್ರಾವೊರೆ ಮನೆತನದವರು ಜಾರಾಗಳನ್ನು, ಜಾರಾಗಳು ತ್ರಾವೊರೆಗಳನ್ನು ಕಂಡಕಂಡಲ್ಲಿ ಹೀಯಾಳಿಸಬೇಕು, ಹೀಯಾಳಿಸಿಕೊಂಡವರು ಸಿಟ್ಟಾಗಬಾರದು, ಆ ನಂಟಿನ ಹೆಸರಿನಲ್ಲಿ ಕೇಳಿದ್ದನ್ನು ಇಲ್ಲ ಎನ್ನಬಾರದು, ಒಬ್ಬರ ರಕ್ತವನ್ನು ಇನ್ನೊಬ್ಬರು ಚೆಲ್ಲಬಾರದು ಎಂದು ನಮ್ಮ ಹಿರಿಯರು ಆಣೆ ಮಾಡಿಟ್ಟು ಹೋದರು. ಆದರೆ ಅದು ನಂಟು ಇರುವವರ ಮಾತು. ನಾನು ಸಿರಾಕೊ ಬಿಟ್ಟ ದಿನ ಪ್ಲಾಟ್‌ಫಾರ್ಮಿನಲ್ಲಿ ಇಡೀ ಊರಿನ ಎದುರು ತಾವು ನನಗೆ 'ಹೋಗಿ ಬನ್ನಿ ಸ್ಟೇಷನ್ ಮಾಸ್ಟರ್, ದೇವರು ಒಳ್ಳೆಯದು ಮಾಡಲಿ' ಎಂದಿರಿ. ಅಪರಿಚಿತ ಸಾಹೇಬರಿಗೆ ಹೇಳುವ ಹಾಗೆ. ನನಗೆ ಅರ್ಥವಾಯಿತು. ಆದ್ದರಿಂದ ನಾನೂ 'ತಾವು' ಎಂದೇ ಬರೆಯುತ್ತೇನೆ.

ಚರಿತ್ರೆ ಕೇಳಿದ್ದೀರಿ, ತಿಳಿದಷ್ಟು ಬರೆಯುತ್ತೇನೆ.

ಬಿಳಿಯರ ಕಾಲದಲ್ಲಿ ಸಿರಾಕೊ ಎಂದರೆ ಒಂದು ಹಳ್ಳ, ಒಂದು ಬಾವೊಬಾಬ್ ಮರ. ರೈಲಿಗೆ ನೀರು ಬೇಕಿತ್ತು, ಹಳ್ಳದಲ್ಲಿ ನೀರಿತ್ತು, ಅದಕ್ಕೇ ಸ್ಟೇಷನ್ ಆಯಿತು. ಗುಡ್ಡ ಕಡಿಯಲು ಸುತ್ತಲ ಹಳ್ಳಿಗಳಿಂದ ಗಂಡಸರನ್ನು ಹಗ್ಗ ಕಟ್ಟಿ ತಂದರು. ಬಹಳ ಮಂದಿ ಮನೆಗೆ ಮರಳಲಿಲ್ಲ. ಗುಡ್ಡ ಕಡಿದ ಜಾಗದಲ್ಲಿ ಹಳಿ ನೇರ ಹೋಗದೆ ತಿರುಗುತ್ತದಲ್ಲ, ಅಲ್ಲಿ ಬಂಡೆ ಬಹಳ ಗಟ್ಟಿಯಾಗಿತ್ತಂತೆ, ಆಳುಗಳು ಬಹಳ ಸಾಯುತ್ತಿದ್ದರಂತೆ, ಕೊನೆಗೆ ಎಂಜಿನಿಯರ್ ಬೇಸತ್ತು ಬಂಡೆಯನ್ನು ಸುತ್ತಿಕೊಂಡು ಹೋದನಂತೆ. ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಆಮೇಲೆ ಕಟ್ಟಡ ಬಂತು, ಗಂಟೆ ಬಂತು, ಗಂಟೆಯ ಹಿಂದೆ ಸಂತೆ ಬಂತು. ನಮ್ಮ ತಂದೆಯ ಕಾಲದ ದೊಡ್ಡ ಮುಷ್ಕರದಲ್ಲಿ ರೈಲಿನವರ ಮನೆಗಳಿಗೆ ಸಿರಾಕೊದ ಹೆಂಗಸರು ಸಜ್ಜೆ ಕೊಟ್ಟು ತಿಂಗಳುಗಟ್ಟಲೆ ಸಾಕಿದರು. ಸ್ವಾತಂತ್ರ್ಯ ಬಂದ ವರ್ಷ ನಮ್ಮ ದೇಶಕ್ಕೂ ಸೆನೆಗಲ್‌ಗೂ ಜಗಳವಾಗಿ ಗಡಿ ಮುಚ್ಚಿತು, ಡಾಕಾರಿನ ಗಾಡಿ ನಿಂತಿತು. ಹಳಿಗಳ ನಡುವೆ ಮೊಣಕಾಲೆತ್ತರ ಹುಲ್ಲು ಬೆಳೆಯಿತು. ಆಗಲೂ ಹೆಂಗಸರು ಜಗಲಿ ಗುಡಿಸುತ್ತಿದ್ದರು ಎಂದು ನನಗಿಂತ ಹಿಂದಿನ ಮಾಸ್ಟರ್ ಹೇಳುತ್ತಿದ್ದರು. ವರ್ಷಗಳ ನಂತರ ಗಾಡಿ ಮತ್ತೆ ಬಂತು. ಹೀಗೆ ಸಿರಾಕೊ ಸ್ಟೇಷನ್ ಮುಚ್ಚಿದ್ದು ಇದೇ ಮೊದಲಲ್ಲ.

ಇಲ್ಲಿಗೆ ಚರಿತ್ರೆ ಮುಗಿಯಿತು.

ತಾವು ಸುಮ್ಮನೆ ಕೇಳಿದ ಪ್ರಶ್ನೆಗೆ ಉತ್ತರ: ಕಾಯೆಸ್ ಕಡೆಯಿಂದ ಬರುವ ಚಾಲಕನಿಗೆ ಆ ತಿರುವು ದಾಟುವವರೆಗೆ ಸ್ಟೇಷನ್ ಕಾಣುವುದೇ ಇಲ್ಲ. ಅಲ್ಲಿಂದ ಇಳಿಜಾರು. ಜನ ಕಂಡಮೇಲೆ ಬ್ರೇಕ್ ಹಾಕಿದರೆ ತುಂಬಿದ ಗೂಡ್ಸ್ ಗಾಡಿ ನಿಲ್ಲುವುದು ಸ್ಟೇಷನ್ ದಾಟಿ, ನೀರಿನ ಟ್ಯಾಂಕನ್ನೂ ದಾಟಿ. ಹಿಂದೆ ತಿರುವಿಗೆ ಮುಂಚೆ ಒಂದು ಸಿಗ್ನಲ್ ಇತ್ತು. ಈಗ ಅದರ ಕಂಬ ಮಾತ್ರ ಇದೆ.

ಆ ಗೂಡ್ಸ್ ಗಾಡಿ ನಡೆಸುವವರಲ್ಲಿ ನನ್ನ ಮಗ ಮೊರಿಬಾ ಒಬ್ಬ ಎಂಬುದು ತಮಗೆ ತಿಳಿದೇ ಇದೆ. ಹುಡುಗರಿಗೆ ಬುದ್ಧಿ ಹೇಳಿ.

ಇತಿ
ಫಾಮಕಾನ್ ಜಾರಾ, ನಿವೃತ್ತ ಸ್ಟೇಷನ್ ಮಾಸ್ಟರ್


ಸಿರಾಕೊ
೨೦ ಫೆಬ್ರವರಿ ೨೦೦೭

ಮಾನ್ಯ ಸ್ಟೇಷನ್ ಮಾಸ್ಟರ್ ಅವರಿಗೆ,

ತಮ್ಮ ಚರಿತ್ರೆಯನ್ನು ಬುರಾಮಾ ಸಂತೆಯ ಮರದ ಕೆಳಗೆ ನಿಂತು ಊರಿಗೆಲ್ಲ ಓದಿ ಹೇಳಿದ. ಹಗ್ಗ ಕಟ್ಟಿ ತಂದರು ಎಂಬಲ್ಲಿ ಮುದುಕರು ಅತ್ತರು. ಸಜ್ಜೆ ಕೊಟ್ಟು ಸಾಕಿದರು ಎಂಬಲ್ಲಿ ಹೆಂಗಸರು ಕೇಕೆ ಹಾಕಿದರು. 'ಇಲ್ಲಿಗೆ ಚರಿತ್ರೆ ಮುಗಿಯಿತು' ಎಂಬಲ್ಲಿ, "ಮುಚ್ಚಿದ ದಿನದ್ದು ಯಾಕಿಲ್ಲ?" ಎಂದು ಯಾರೋ ಕೇಳಿದರು. ಉತ್ತರ ನನ್ನಲ್ಲಿರಬೇಕೆಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಚಪ್ಪಲಿ ಸರಿಮಾಡಿಕೊಂಡೆ.

ತಿರುವಿನ ವಿಷಯ ಮನೆಗೆ ಹೋಗಿ ಬುರಾಮಾನಿಗೆ ಹೇಳಿದೆ. ಹಳಿಯ ಪಕ್ಕ ಕೂತು ಕೈ ಬೀಸಿದರೆ ಸಾಲದೇ ಎಂದೆ.

"ಅಮ್ಮ, ನಾಲ್ಕು ವರ್ಷ ಪಕ್ಕದಲ್ಲೇ ನಿಂತು ಕೈ ಬೀಸಿದೀವಲ್ಲ. ಅವರೂ ಕೈ ಬೀಸ್ಕೊಂಡು ಹೋದ್ರು. ಹಳಿ ಮೇಲೆ ಕೂತ್ರೆ ಮಾತ್ರ ನಾವು ಅವರ ಕಣ್ಣಿಗೆ ಬೀಳೋದು."

"ಕಣ್ಣಿಗೆ ಬೀಳೋ ಹೊತ್ತಿಗೆ ಗಾಡಿ ನಿಮ್ಮ ಮೇಲಿರತ್ತೆ ಕಣೋ!"

"ಬ್ರೇಕು ಅಂತ ಇರೋದು ಯಾಕಮ್ಮ? ಚಂದಕ್ಕಾ?"

ದಿನ ಗೊತ್ತುಮಾಡಿದ್ದಾರೆ, ಏಪ್ರಿಲ್ ಇಪ್ಪತ್ತಾರು. ತಿರುವಿನ ವಿಷಯವನ್ನು ಬೇರೆ ತಾಯಂದಿರಿಗೆ ನಾನು ಹೇಳಿಲ್ಲ. ಹೇಳಿದರೆ ಅವರು ತಮ್ಮ ಮಕ್ಕಳನ್ನು ಎಳೆದುಕೊಂಡು ಹೋಗುತ್ತಾರೆ. ಆಗ ಬುರಾಮಾ ಎದ್ದು ಬರುವುದಿಲ್ಲ, ಒಬ್ಬನೇ ಕೂರುತ್ತಾನೆ. ಅವನು ಅಂಥವನು ಎಂದು ತಮಗೆ ಗೊತ್ತು. ಹೇಳದಿರುವುದು ಪಾಪ, ಹೇಳಿದರೆ ಭಯ. ಬೆಳಿಗ್ಗೆ ಮುದ್ದೆ ತೊಳಸುವಾಗ ಇದೇ ಯೋಚನೆ, ಮುದ್ದೆ ತಳ ಹಿಡಿಯುತ್ತದೆ.

ಆ ಗುರುವಾರ ತಮ್ಮ ಮಗನಿಗೆ ತಿರುವಿನ ಹತ್ತಿರ ನಿಧಾನ ಬರಲು ಹೇಳಲಾಗುವುದೇ? ನಿಲ್ಲಿಸಲಿ ಎನ್ನುತ್ತಿಲ್ಲ. ನಿಧಾನವಾಗಿ ಬರಲಿ.

ಇತಿ ತಮ್ಮ ವಿಧೇಯ
ನಾಸಿರಾ ತ್ರಾವೊರೆ


ಕಾಯೆಸ್
೧೧ ಮಾರ್ಚ್ ೨೦೦೭

ಶ್ರೀಮತಿ ನಾಸಿರಾ ತ್ರಾವೊರೆ ಅವರಿಗೆ,

ಅಂಚೆಯನ್ನು ನಂಬದೆ ಈ ಪತ್ರವನ್ನು ಮೊರಿಬಾನ ಕೈಗೇ ಕೊಟ್ಟಿದ್ದೇನೆ. ಕಲ್ಲಿಗೆ ಕಟ್ಟಿ ಎಂಜಿನ್ನಿನಿಂದ ಪ್ಲಾಟ್‌ಫಾರ್ಮಿಗೆ ಎಸೆಯುತ್ತೇನೆ ಎಂದಿದ್ದಾನೆ. ಯಾರ ತಲೆಗೂ ಬೀಳದಿರಲಿ.

ಅವನನ್ನು ಕೇಳಿದೆ. ಅವನ ಮಾತನ್ನು ಅವನು ಹೇಳಿದಂತೆಯೇ ಬರೆಯುತ್ತೇನೆ: "ಅಪ್ಪ, ದಾರಿಲಿ ಎಲ್ಲೂ ನಿಲ್ಲಬಾರದು ಅಂತ ಆರ್ಡರ್. ಜನ ಕೂತಿದ್ರೆ ಹಾರ್ನ್ ಹೊಡಿ, ನಿಧಾನ ಮಾಡ್ಬೇಡ, ಮಾಡಿದ್ರೆ ವ್ಯಾಗನ್ ಹತ್ತಿ ಲೂಟಿ ಮಾಡ್ತಾರೆ ಅಂತಾರೆ. ನಿಲ್ಲಿಸಿದೋನು ಮಾರನೇ ದಿನ ಕೆಲಸಕ್ಕೆ ಬರೋ ಹಾಗಿಲ್ಲ. ನನ್ನ ಮಕ್ಕಳಿಗೆ ನೀವು ಹಾಕ್ತೀರಾ ಊಟ?"

ಅವನ ಸಂಬಳದಲ್ಲೇ ನಾನೂ ವಾಸಾಳೂ ಉಣ್ಣುತ್ತಿರುವುದು.

ಇನ್ನೊಂದು ವಿಷಯ. ಇಂಥ ಸಂಗತಿ ಕಿವಿಗೆ ಬಿದ್ದರೆ ರೈಲ್ವೆ ಆಫೀಸಿಗೆ ತಿಳಿಸುವುದು ನಿವೃತ್ತನಾದರೂ ನನ್ನ ಕರ್ತವ್ಯ. ತಿಳಿಸಿದರೆ ಅವರು ಬಂದೂಕಿನವರನ್ನು ಕಳಿಸುತ್ತಾರೆ. ಇನ್ನೂ ತಿಳಿಸಿಲ್ಲ. ಹುಡುಗರು ಮನಸ್ಸು ಬದಲಿಸಿದರೆಂದು ತಾವು ಬರೆದರೆ ತಿಳಿಸುವ ಅಗತ್ಯವೂ ಇರುವುದಿಲ್ಲ.

ಇತಿ
ಫಾಮಕಾನ್ ಜಾರಾ


ಸಿರಾಕೊ
೨೫ ಮಾರ್ಚ್ ೨೦೦೭

ಏ ಅಲಸಂದೆ ತಿನ್ನುವವನೇ,

ನಿನ್ನ ಮಗನ ಗುರಿಯೂ ನಿನ್ನ ಹಾಗೇ ಇದೆ. ಕಲ್ಲು ಪ್ಲಾಟ್‌ಫಾರ್ಮಿಗೆ ಬೀಳದೆ ನನ್ನ ನೀರಿನ ಮಡಕೆಗೆ ಬಿತ್ತು. ನಿನ್ನ ಕರ್ತವ್ಯವನ್ನು ನೆನೆದ ಕಾಗದದಲ್ಲಿ ಓದಿದೆ.

ಕರ್ತವ್ಯವಂತೆ! ಜಾರಾ ಎಂದರೆ ಸಿಂಹವಂತೆ! ಆಫೀಸಿನ ಬಾಗಿಲಲ್ಲಿ ಬಾಲ ಆಡಿಸುವ ಸಿಂಹವನ್ನು ನಾನು ಇವತ್ತೇ ಕಂಡದ್ದು. ನಿನ್ನ ಅಜ್ಜ ನಮ್ಮ ಮನೆಯ ಆಳು, ನೀನೂ ನಮ್ಮ ಮನೆಯ ಆಳು. ಆಳಿಗೆ 'ತಾವು' ಎಂದು ಬರೆದು ಬರೆದು ನನ್ನ ನಾಲಿಗೆ ಜಡ್ಡುಗಟ್ಟಿ ಹೋಗಿತ್ತು, ಈಗ ಸ್ವಲ್ಪ ಹಗುರವಾಯಿತು.

ಆ ದಿನದ ಮಾತು ಎತ್ತಿದೆಯಲ್ಲ, ಕೇಳು. ನೀನು ಗಂಟುಮೂಟೆ ಗಾಡಿಗೆ ಹಾಕಿ ಬೀಗ ಜಗ್ಗಿ ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ ನಿಂತೆ, ಬೈಯಲಿ ಎಂದು. ನನ್ನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ಬಾಯಿ ತೆರೆದಿದ್ದರೆ ಅದು ಬರುತ್ತಿರಲಿಲ್ಲ, ಅಳು ಬರುತ್ತಿತ್ತು. ಒಬ್ಬ ಜಾರಾನಿಗಾಗಿ ಒಬ್ಬ ತ್ರಾವೊರೆ ಸಂತೆಯ ನಡುವೆ ಗೊಳೋ ಎಂದು ಅಳುವುದೇ? ನಾಳೆ ಯಾರು ನನ್ನ ಹತ್ತಿರ ಮಾವು ಕೊಳ್ಳುತ್ತಿದ್ದರು? ಅದಕ್ಕೇ ಹಲ್ಲು ಕಚ್ಚಿ, ಸಾಹೇಬರಿಗೆ ಹೇಳುವ ಮಾತು ಹೇಳಿ ಮುಖ ತಿರುಗಿಸಿದೆ. ಅದನ್ನು ನೀನು ನಂಟು ಮುಗಿಯಿತು ಎಂದು ತಿಳಿದೆಯಾ? ಜೀವನವೆಲ್ಲ ಸಿಗ್ನಲ್ ನೋಡಿದವನು, ಎದುರು ನಿಂತವಳ ಮುಖ ನೋಡಲು ಬರಲಿಲ್ಲವೇ?

ಈಗ ಕೇಳುತ್ತೇನೆ, ನಂಟಿನ ಹೆಸರಿನಲ್ಲೇ. ನಿನ್ನ ಮಗನ ಗಾಡಿ ನನ್ನ ಮಗನನ್ನು ಮುಟ್ಟಬಾರದು. ಇಲ್ಲ ಎನ್ನು, ನೋಡುತ್ತೇನೆ.

ನನಗೆ ಭಯವಾಗಿದೆ ಫಾಮಕಾನ್. ಗಾಡಿಯ ಸದ್ದು ಕೇಳಿದರೆ ಕೈಯಲ್ಲಿದ್ದದ್ದು ಜಾರಿ ಬೀಳುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು.

ಇತಿ ನಿನ್ನ ಒಡತಿ
ನಾಸಿರಾ


ಕಾಯೆಸ್
೬ ಏಪ್ರಿಲ್ ೨೦೦೭

ಎಲೈ ಬಾಯಿಬಡುಕಿ ತ್ರಾವೊರೆ,

ಅಲಸಂದೆ ತಿನ್ನುವವಳು ನೀನು. ನಿಮ್ಮ ಮನೆಯವರು ಮದುವೆಯಲ್ಲೂ ಅಲಸಂದೆ, ಮಸಣದಲ್ಲೂ ಅಲಸಂದೆ, ಪಕ್ಕದಲ್ಲಿ ಕೂತವರ ಪಾಡು ದೇವರೇ ಬಲ್ಲ. ಒಡೆದ ಮಡಕೆಗೆ ಅಳಬೇಡ. ನೀನು ಮಡಕೆ ಇಡುವ ಜಾಗವೇ ಯಾವಾಗಲೂ ತಪ್ಪು.

ನಿನ್ನ ಪತ್ರವನ್ನು ಅಂಗಳದಲ್ಲಿ ನಿಂತು ಓದಿದೆ. ನಾನು ಏನು ಸದ್ದು ಮಾಡಿದೆನೋ, ವಾಸಾ ಒಳಗಿನಿಂದ ಓಡಿ ಬಂದಳು.

"ಏನಾಯ್ತು? ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣೆ. ನಾಸಿರಾ ಬೈದಿದ್ದಾಳೆ."

ಅವಳು ಅಲ್ಲೇ ಕೂತುಬಿಟ್ಟಳು. "ಸದ್ಯ! ನಾಲ್ಕು ವರ್ಷದಿಂದ ನಿಮ್ಮ ಸಪ್ಪೆ ಮುಖ ನೋಡಿ ನೋಡಿ ನನಗೆ ಸಾಕಾಗಿತ್ತು" ಎಂದಳು. ನಾನು ಕಣ್ಣೊರೆಸಿಕೊಂಡದ್ದನ್ನು ಬೇಕಾದರೆ ಊರಿಗೆಲ್ಲ ಹೇಳು, ಯಾರೂ ನಂಬುವುದಿಲ್ಲ.

ಆಫೀಸಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇನ್ನು ನಿನ್ನ ಮಗನ ವಿಷಯ. ಹುಟ್ಟುವಾಗಲೂ ಅವನದು ಇದೇ ಚಟ. ಹೊಟ್ಟೆಯಲ್ಲಿ ಅಡ್ಡ ತಿರುಗಿ ನಿನ್ನನ್ನು ಸಾಯಿಸಲು ಕೂತಿದ್ದ. ಎಕ್ಸ್‌ಪ್ರೆಸ್ ಗಾಡಿಗೆ ನಮ್ಮಲ್ಲಿ ನಿಲ್ಲುವ ಹಕ್ಕಿರಲಿಲ್ಲ, ಸಿಗ್ನಲ್ಲಿನ ತಂತಿಯೂ ತುಂಡಾಗಿತ್ತು. ವಾಸಾಳ ಕೆಂಪು ಸುತ್ತುಬಟ್ಟೆ ಎಳೆದುಕೊಂಡು ತಿರುವಿನಾಚೆ ಬಾವೊಬಾಬ್ ಮರದವರೆಗೆ ಓಡಿದ್ದೆ. ಆಗ ಮೊಣಕಾಲು ನನ್ನ ಮಾತು ಕೇಳುತ್ತಿತ್ತು. ಗಾಡಿ ನಿಂತಿತು, ನಿನ್ನನ್ನು ಕಿತಾದ ಆಸ್ಪತ್ರೆಗೆ ಸಾಗಿಸಿದೆವು. ನನಗೆ ಸಿಕ್ಕಿದ್ದು ಮೇಲಿನವರಿಂದ ಛೀಮಾರಿ. ಒಂದೇ ಹುಡುಗನಿಗಾಗಿ ಎರಡು ಸಲ ಗಾಡಿ ನಿಲ್ಲಿಸಬೇಕು ಎಂದರೆ ತ್ರಾವೊರೆಗಳಿಗೆ ನಾಚಿಕೆಯೇ ಇಲ್ಲ.

ಈಗ ನೀನು ಮಾಡಬೇಕಾದದ್ದು ಅದನ್ನೇ. ಆ ಬಾವೊಬಾಬ್ ಮರದ ಹತ್ತಿರ, ತಿರುವಿಗೆ ಬಹಳ ಮುಂಚೆ, ಹಳಿಯ ಪಕ್ಕದಲ್ಲಿ ನಿಲ್ಲು. ಕೆಂಪು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಬೀಸು. ಗಾಡಿ ನಿನ್ನನ್ನು ದಾಟಿಕೊಂಡೇ ಹೋಗುತ್ತದೆ. ದಾಟಿತು ಎಂದರೆ ನಿಲ್ಲುವುದಿಲ್ಲ ಎಂದಲ್ಲ. ನಿಲ್ಲುವುದು ತಿರುವಿನ ಈಚೆಗೆ, ಸ್ಟೇಷನ್ನಿಗೆ ಮುಂಚೆ.

ಆದರೆ ಬಟ್ಟೆ ಕಂಡವನು ಬ್ರೇಕ್ ಹಾಕಲು ಮನಸ್ಸು ಮಾಡಬೇಕು. ಮೊರಿಬಾನಿಗೆ ಆಣೆಯ ಮಾತು ಹೇಳಿದೆ. ತ್ರಾವೊರೆ ರಕ್ತ ಜಾರಾನ ಚಕ್ರಕ್ಕೆ ಮೆತ್ತಿದರೆ ಅದನ್ನು ತೊಳೆಯಲು ಯಾವ ನದಿಯೂ ಸಾಲದು ಎಂದೆ. ಅವನು ಊಟ ಬಿಟ್ಟು ಎದ್ದು ಹೋದ. ಸಾಲದ್ದಕ್ಕೆ ಆ ಗುರುವಾರ ಅವನ ಪಾಳಿಯೂ ಅಲ್ಲ. ಯಾರ ಜೊತೆಯಲ್ಲಾದರೂ ಬದಲಿಸಿಕೊಳ್ಳಬೇಕು. ಬದಲಿಸಿಕೊಂಡರೆ ಕಲ್ಲು ಎಸೆಯುತ್ತಾನೆ, ಕಾಗದವಿಲ್ಲದ ಬರೀ ಕಲ್ಲು. ಮಡಕೆ ದೂರ ಇಡು.

ಇತಿ ನಿನ್ನ ಒಡೆಯ
ಫಾಮಕಾನ್


ಸಿರಾಕೊ
೨೦ ಏಪ್ರಿಲ್ ೨೦೦೭

ಫಾಮಕಾನ್,

ಬೈಯಲು ಪುರುಸೊತ್ತಿಲ್ಲ, ಲಾರಿ ಹೊರಟು ನಿಂತಿದೆ. ಕಲ್ಲು ಬಂದಿಲ್ಲ. ಗೂಡ್ಸ್ ಗಾಡಿ ಬಂದಾಗಲೆಲ್ಲ ಹೋಗಿ ನಿಲ್ಲುತ್ತೇನೆ. ಎಂಜಿನ್ನಿನಲ್ಲಿ ಬೇರೆ ಯಾರದೋ ಮುಖ, ಕಪ್ಪು ಕನ್ನಡಕದವನು, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಮೊರಿಬಾ ಎಲ್ಲಿ? ಹುಷಾರಿಲ್ಲವೇ? ಸಿಟ್ಟೇ?

ನಿನ್ನೆ ಬುರಾಮಾನನ್ನು ಕೂರಿಸಿಕೊಂಡು ಮತ್ತೆ ತಿರುವಿನ ಮಾತು ಎತ್ತಿದೆ. "ಗೊತ್ತಮ್ಮ" ಎಂದ. "ಮೊದಲಿಂದಲೂ ಗೊತ್ತು. ಬಾವೊಬಾಬ್ ಹತ್ರ ನಿಂತು ನೋಡ್ಕೊಂಡು ಬಂದಿದೀನಿ. ಅದಕ್ಕೇ ನಾನೊಬ್ಬ ಮುಂದೆ, ಉಳಿದವರನ್ನ ಟ್ಯಾಂಕಿಂದ ಬಹಳ ಆಚೆ ಕೂರಿಸ್ತೀನಿ."

ಅಂದರೆ ಗೊತ್ತಿದ್ದೂ ಕೂರುತ್ತಾನೆ. ಈ ಮಾತನ್ನು ನಾನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಕೆಂಪು ಬಟ್ಟೆ ಒಗೆದು ಇಟ್ಟಿದ್ದೇನೆ. ಏನಾದರೂ ಹೇಳಿ ಕಳಿಸು.

ನಾಸಿರಾ


ಸಿರಾಕೊ
೨೭ ಏಪ್ರಿಲ್ ೨೦೦೭

ಏ ಅಲಸಂದೆ ತಿನ್ನುವವನೇ,

ಬುರಾಮಾ ಬದುಕಿದ್ದಾನೆ. ಇದನ್ನು ಮೊದಲು ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಿನ್ನ ಹೃದಯ ನಡುವೆಯೇ ನಿಂತು ಆ ಪಾಪವೂ ನನಗೇ ಸುತ್ತಿಕೊಳ್ಳುತ್ತದೆ.

ನಿನ್ನಿಂದ ಸುದ್ದಿ ಬರಲಿಲ್ಲ, ಕಲ್ಲೂ ಬರಲಿಲ್ಲ. ನಿನ್ನೆ ಬೆಳಿಗ್ಗೆ ಬುರಾಮಾ ಬಿಳಿ ನಿಲುವಂಗಿ ಹಾಕಿಕೊಂಡು, ನೀನು ಬರೆದ ಚರಿತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, "ಅಮ್ಮ, ಮಾವಿನ ಬುಟ್ಟಿ ಪ್ಲಾಟ್‌ಫಾರ್ಮಿಗೆ ತಾ, ಇವತ್ತು ವ್ಯಾಪಾರ ಇದೆ" ಎಂದ. ಬುಟ್ಟಿಯನ್ನು ನೆರೆಯವಳಿಗೆ ಕೊಟ್ಟು ನಾನು ಬಾವೊಬಾಬ್ ಮರಕ್ಕೆ ಹೋದೆ. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ.

ಬಿಸಿಲು ಏರಿತು. ಹಳಿ ಸಣ್ಣಗೆ ನಡುಗಲು ಶುರುವಾಯಿತು. ಪಕ್ಕದಲ್ಲಿ ನಿಲ್ಲು ಎಂದಿದ್ದೆಯಲ್ಲ, ನಿಲ್ಲಲಿಲ್ಲ ಫಾಮಕಾನ್. ಹಳಿಗಳ ನಡುವೆಯೇ ನಿಂತೆ. ಬಟ್ಟೆ ಬೀಸಿದೆ. ಹಾರ್ನ್ ಹೊಡೆದ, ಹೊಡೆದೇ ಹೊಡೆದ. ಗಾಜಿನ ಹಿಂದೆ ಮುಖ ಕಾಣಲಿಲ್ಲ, ಬಿಸಿಲು ಬಿದ್ದು ಬರೀ ಬಿಳಿ. ಕೊನೆಯ ಗಳಿಗೆಯಲ್ಲಿ ನನ್ನ ಕಾಲುಗಳೇ ನನ್ನನ್ನು ಪಕ್ಕಕ್ಕೆ ಎಸೆದವು. ನಾನು ಎಸೆದುಕೊಳ್ಳಲಿಲ್ಲ.

ಎಂಜಿನ್ ದಾಟಿ ಹೋಯಿತು. ದಾಟಿದರೆ ನಿಲ್ಲುವುದಿಲ್ಲ ಎಂದಲ್ಲ ಎಂದು ನೀನು ಬರೆದದ್ದು ಆಗ ನೆನಪಿಗೆ ಬರಲಿಲ್ಲ. ವ್ಯಾಗನ್ ಮೇಲೆ ವ್ಯಾಗನ್. ಚಕ್ರಗಳು ಕಿ‌ರ್ರೋ ಎಂದು ಕಿರುಚುತ್ತಿದ್ದವು. ಅದು ಬ್ರೇಕೋ ಬೇರೆ ಏನೋ ನನಗೆ ತಿಳಿಯಲಿಲ್ಲ. ಮುಳ್ಳಿನಲ್ಲಿ ಬಿದ್ದವಳು ಎದ್ದು, ಗಾಡಿಯ ಪಕ್ಕದಲ್ಲೇ ಓಡಿದೆ, ಮಗನ ಹೆಸರು ಕೂಗುತ್ತಾ. ತಿರುವಿನ ಆ ಬದಿ ಕಾಣುವುದಿಲ್ಲವಲ್ಲ. ಕೊನೆಯ ವ್ಯಾಗನ್ನೂ ನನ್ನನ್ನು ಹಿಂದೆ ಹಾಕಿ ಬಂಡೆಯ ಮರೆಗೆ ಹೋಯಿತು. ಆಮೇಲೆ ಸದ್ದು ನಿಂತಿತು. ಏನೂ ಕೇಳಲಿಲ್ಲ, ಒಬ್ಬರ ಕೂಗೂ ಕೇಳಲಿಲ್ಲ. ನಾನು ಓಡುವುದನ್ನು ಬಿಟ್ಟೆ. ಓಡಿ ಹೋಗಿ ಏನನ್ನು ನೋಡಲಿ? ಒಂದೊಂದೇ ಸ್ಲೀಪರ್ ಮೇಲೆ ಕಾಲಿಟ್ಟು ನಡೆದುಕೊಂಡು ಹೋದೆ.

ಬುರಾಮಾ ಹಳಿಯ ಮೇಲೆ ಕೂತೇ ಇದ್ದ, ಕಣ್ಣು ಮುಚ್ಚಿಕೊಂಡು. ಎಂಜಿನ್ ಅವನಿಂದ ಒಂದು ಅಂಗಳದಷ್ಟು ದೂರದಲ್ಲಿ ನಿಂತಿತ್ತು. ಮೆಟ್ಟಿಲಿನಿಂದ ಇಳಿಯುತ್ತಿದ್ದವನು ನಿನ್ನ ಮಗ. ಬಂದವನೇ ಬುರಾಮಾನ ಕೊರಳಪಟ್ಟಿ ಹಿಡಿದ.

"ಏ ಅಲಸಂದೆ ತಿನ್ನೋನೇ! ನಿನ್ನ ತಲೆಲಿ ಏನಿದೆಯೋ, ಜಲ್ಲಿಕಲ್ಲಾ?"

ಬುರಾಮಾ ಕಣ್ಣು ಬಿಟ್ಟ. "ಸಿಂಹ ಅಂತೆ ಸಿಂಹ! ಒಂದು ಗಾಡಿ ನಿಲ್ಲಿಸೋಕೆ ಇಷ್ಟು ಹೊತ್ತು ಬೇಕೇನೋ?" ಎಂದ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹಳಿಯ ಮೇಲೇ ಕುಸಿದು ಅತ್ತರು. ಆಗ ಊರೆಲ್ಲ ಒಮ್ಮೆಗೇ ಕೂಗಿತು.

ಮೊರಿಬಾ ನನ್ನನ್ನು ನೋಡಿ ಹೇಳಿದ: "ಅತ್ತೆ, ಅಪ್ಪ ಹೇಳಿ ಕಳಿಸಿದ್ರು. ಬಾವೊಬಾಬ್ ಹತ್ರ ಒಬ್ಬ ತ್ರಾವೊರೆ ನಿಂತಿರ್ತಾಳೆ, ಪಕ್ಕಕ್ಕೆ ಸರಿಯೋಷ್ಟು ಬುದ್ಧಿ ಅವಳಿಗಿಲ್ಲ, ನೀನೇ ಬ್ರೇಕ್ ಹಾಕ್ಬೇಕಾಗತ್ತೆ ಅಂದ್ರು." ಪಾಳಿ ಸಿಕ್ಕಿದ್ದು ಆ ದಿನ ಬೆಳಿಗ್ಗೆಯಂತೆ. ಕಪ್ಪು ಕನ್ನಡಕದವನು ಜ್ವರ ಎಂದು ಮಲಗಿದನಂತೆ. ಆ ಜ್ವರ ನಿಜವೋ ಅಲ್ಲವೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೆಂಗಸರು ಬುಟ್ಟಿ ಹೊತ್ತು ಓಡಿ ಬಂದರು. ಕೊಳ್ಳುವವರು ಯಾರು? ಎಂಜಿನ್ನಿನಲ್ಲಿ ಇಬ್ಬರೇ ಇಬ್ಬರು. ಆದರೂ ಎಲ್ಲರೂ ಹಳೆಯ ರಾಗದಲ್ಲೇ ಮಾವು, ಮಾವು ಎಂದು ಕೂಗಿದರು, ಇಡೀ ಗಾಡಿ ತುಂಬಾ ಜನರಿರುವ ಹಾಗೆ. ಮೊರಿಬಾನ ಸಹಾಯಕ ಬಾಯಿ ಒರೆಸಿಕೊಳ್ಳಲೂ ಬಿಡುವಿಲ್ಲದೆ ತಿಂದ.

ಬುರಾಮಾ ಚರಿತ್ರೆ ಓದಿದ. ಕೇಳಲು ಕಂಪನಿಯವರು ಯಾರೂ ಇರಲಿಲ್ಲ, ನಿನ್ನ ಮಗನೊಬ್ಬನೇ. ಟೊಪ್ಪಿಗೆ ಕೈಯಲ್ಲಿ ಹಿಡಿದು ಕೊನೆಯವರೆಗೂ ನಿಂತು ಕೇಳಿದ. 'ಇಲ್ಲಿಗೆ ಚರಿತ್ರೆ ಮುಗಿಯಿತು' ಎಂದಾಗ, "ಇಲ್ಲ, ಇನ್ನೂ ಇದೆ" ಎಂದ. "ಸ್ಟೇಷನ್ ಮುಚ್ಚಿದ ದಿನ ನಾನೂ ಗಾಡಿಲಿದ್ದೆ. ಗಾಡಿ ಹೊರಟ ಮೇಲೂ ಅಪ್ಪ ಕಿಟಕಿಯಿಂದ ತಲೆ ಒಳಗೆ ತರಲೇ ಇಲ್ಲ. ಬಿಸಿಲು, ಒಳಗೆ ಬನ್ನಿ ಅಂದ್ರೆ, 'ತಡಿ, ನಾಸಿರಾ ಇನ್ನೂ ಬೈದಿಲ್ಲ, ಈಗ ಬೈತಾಳೆ' ಅಂದ್ರು. ಸ್ಟೇಷನ್ ಕಾಣದೇ ಹೋದ್ರೂ ಕಿವಿ ಕೊಟ್ಟು ನಿಂತೇ ಇದ್ರು. ಇದನ್ನೂ ಬರ್ಕೋ ಬುರಾಮಾ."

ಅವನು ಬರೆದುಕೊಂಡ. ನಾನು ಅತ್ತುಬಿಟ್ಟೆ, ಊರಿನ ಎದುರು, ಒಬ್ಬ ಜಾರಾನಿಗಾಗಿ. ಬೇಕಾದರೆ ನಗು.

ಹೋಗುವ ಮುಂಚೆ ಮೊರಿಬಾ ವೇಟಿಂಗ್ ರೂಮಿನ ಕೀಲಿಕೈಯನ್ನು ನನ್ನ ಕೈಗಿಟ್ಟ, ನೀನು ಕೊಟ್ಟಿದ್ದೆಂದು. ಬೀಗಕ್ಕೆ ಹಾಕಿ ತಿರುಗಿಸಿದೆ. ಬೀಗ ತೆರೆಯಿತು, ಬಾಗಿಲು ಮಾತ್ರ ಚೌಕಟ್ಟಿನ ಸಮೇತ ಒಳಕ್ಕೆ ಬಿತ್ತು. ಗೆದ್ದಲು ಎಂದೋ ಎಲ್ಲವನ್ನೂ ತಿಂದು ಮುಗಿಸಿದ್ದವು. ನಾಲ್ಕು ವರ್ಷ ನಾವು ಕಾದದ್ದು ಬರೀ ಬೀಗವನ್ನು.

ಗಾಡಿ ಹೊರಟಾಗ ಮೊರಿಬಾನ ಮುಖ ನೋಡಿದೆ. ನಗುತ್ತಿದ್ದ. ಆದರೆ ಅವನಿಗೆ ಏನು ಕಾದಿದೆಯೋ. ಇವತ್ತು ಬೆಳಿಗ್ಗೆಯಿಂದ ಅದೇ ಚಿಂತೆ. ಬೇಗ ಬರೆ.

ಇತಿ ನಿನ್ನ ಒಡತಿ
ನಾಸಿರಾ


ಕಾಯೆಸ್
೧೯ ಮೇ ೨೦೦೭

ಬಾಯಿಬಡುಕಿ ತ್ರಾವೊರೆ,

ಮೊರಿಬಾನನ್ನು ಎಂಜಿನ್ನಿನಿಂದ ಇಳಿಸಿದ್ದಾರೆ. ಪೂರ್ತಿ ಕೆಲಸ ಹೋಗಿಲ್ಲ. ಷೆಡ್ಡಿನಲ್ಲಿ ಬೇರೆಯವರ ಎಂಜಿನ್ ತೊಳೆಯುತ್ತಾನೆ, ಸಂಬಳ ಅರ್ಧ. ಮನೆಯಲ್ಲಿ ಮಾಂಸ ನಿಂತಿದೆ, ಶೇಂಗಾ ಸಾರು ತೆಳ್ಳಗಾಗಿದೆ. ಸೊಸೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳದೇನೂ ತಪ್ಪಿಲ್ಲ. ಮೊರಿಬಾ ಮಾತ್ರ ಸಂಜೆ ಮಸಿ ಮೆತ್ತಿಕೊಂಡು ಬಂದು ಚೆನ್ನಾಗಿ ನಿದ್ದೆ ಮಾಡುತ್ತಾನೆ. ಬ್ರೇಕ್ ಹಾಕದೇ ಇದ್ದಿದ್ದರೆ ಆ ನಿದ್ದೆ ಬರುತ್ತಿರಲಿಲ್ಲ.

ಸಿರಾಕೊದಲ್ಲಿ ಗಾಡಿ ನಿಲ್ಲಿಸುವ ವಿಷಯ ಕಂಪನಿ ಯೋಚಿಸುತ್ತದಂತೆ. ಅವರ ಯೋಚನೆ ನನಗೆ ಗೊತ್ತು. ನಿಲ್ಲುವುದಿಲ್ಲ. ಜಗಲಿ ಗುಡಿಸುವುದನ್ನು ಬಿಡಬೇಡಿ.

ಈಗ ನೀನು ಏನು ಬರೆಯುತ್ತೀ ಎಂದು ನನಗೆ ತಿಳಿದಿದೆ. 'ನನ್ನಿಂದ ಹೀಗಾಯಿತು, ಕ್ಷಮಿಸಿ' ಎಂದು ಎರಡು ಪುಟ. ಬರೆದರೆ ಸೀದಾ ಒಲೆಗೆ ಹಾಕುತ್ತೇನೆ. ಆಳಿನ ಮನೆಯವರು ಕ್ಷಮೆ ಕೇಳಿದರೆ ಜಾರಾಗಳು ಕೇಳಿಸಿಕೊಳ್ಳುವುದಿಲ್ಲ.

ಮಳೆ ಹಿಡಿಯುವ ಮುಂಚೆ ಸಿರಾಕೊಗೆ ಬರಬೇಕೆಂದಿದ್ದೇನೆ. ಆ ಬಾಗಿಲನ್ನು ನಾನೇ ನಿಲ್ಲಿಸಬೇಕು, ನಿಮ್ಮೂರಿನ ಬಡಗಿಯ ಕೈ ನಾನು ಬಲ್ಲೆ. ವೈದ್ಯರು ಬೇಡ ಎನ್ನುತ್ತಾರೆ. ಮೊಣಕಾಲಿನ ಜೊತೆ ಎದೆಯೂ ಸೇರಿಕೊಂಡು ತಕರಾರು ಮಾಡುತ್ತಿದೆ. ವಾಸಾಳಿಗೂ ದಿಗಿಲು. ಆದರೆ ಆ ದಿನ ಕಿಟಕಿಯಿಂದ ಹೊರಗಿಟ್ಟ ತಲೆ ಇನ್ನೂ ಅಲ್ಲೇ ಇದೆ ಕಣೆ, ಅದನ್ನು ತಂದುಕೊಳ್ಳಬೇಕು.

ಲಾರಿಯಲ್ಲಿ ಬರುತ್ತೇನೆ. ರಸ್ತೆಯಿಂದ ನೇರ ನಿನ್ನ ಮನೆಗೆ ಬರುವುದಿಲ್ಲ. ಸುತ್ತುಹಾಕಿ ಹಳಿಯ ಕಡೆಯಿಂದ ಬಂದು ಪ್ಲಾಟ್‌ಫಾರ್ಮಿಗೇ ಹತ್ತುತ್ತೇನೆ. ಸಿರಾಕೊಗೆ ಬರುವವರು ಬರಬೇಕಾದದ್ದು ಅಲ್ಲಿಂದ. ನೀನು ಅಲ್ಲಿ ನಿಂತಿರಬೇಕು. ಇಡೀ ಊರಿಗೆ ಕೇಳುವಂತೆ ಬೈಯಬೇಕು. ಅಪ್ಪಿತಪ್ಪಿ 'ತಾವು' ಎಂದೆಯೋ, ಅಲ್ಲಿಂದಲೇ ವಾಪಸು.

ಇತಿ ನಿನ್ನ ಒಡೆಯ
ಫಾಮಕಾನ್


ಸಿರಾಕೊ
೨ ಜೂನ್ ೨೦೦೭

ಬಾರೋ ಆಳೇ. ಅಲಸಂದೆ ನೆನೆಹಾಕಿದ್ದೇನೆ.

ನಾಸಿರಾ